ಅಕ್ಕಿಮಡಕೆಯ ಸ್ಲೇಟು

ಬೆಳಿಗ್ಗೆಯಿಂದ ಕಡಲ ಕಡೆಯ ಜಿನುಗುಮಳೆ ಒಮ್ಮೆ ಬಿಟ್ಟು ಒಮ್ಮೆ ಹಿಡಿಯುತ್ತಿತ್ತು. ಗೋಮತಿ ಅಕ್ಕಿಮಡಕೆಯ ಬಾಯಿಂದ ಸ್ಲೇಟನ್ನು ತೆಗೆದು, ಉಟ್ಟ ಮುಂಡಿನ ಅಂಚಿನಿಂದ ಒರೆಸುತ್ತಿದ್ದಳು. ಮೂವತ್ತೊಂದು ವರ್ಷ ಅದು ಮಡಕೆಗೆ ಮುಚ್ಚಳವಾಗಿತ್ತು.

ಬೇಲಿಯಾಚೆಯಿಂದ ಲತಿಕಾ ಕೂಗಿದಳು. "ಅಕ್ಕಾ, ಬರ್ತೀಯೋ ಇಲ್ವೋ? ವಕೀಲರನ್ನ ನಾಲ್ಕಕ್ಕೆ ಎತ್ತುತ್ತಾರಂತೆ."

"ನೀನು ನಡಿ. ನಾನೇನು ಅವರ ನೆಂಟಳಾ?"

"ನೆಂಟರು ಅಂತ ಅವರಿಗೆ ಯಾರಿದ್ದಾರೆ? ನಾವೇ. ಸತ್ತವರ ಮೇಲೂ ಹಟ ಸಾಧಿಸ್ತೀಯಲ್ಲ, ಮಾರಾಯ್ತಿ!"

ಭಾಸುರನ್ ವಕೀಲರ ಜತೆ ಗೋಮತಿ ಮಾತು ಬಿಟ್ಟೂ ಮೂವತ್ತೊಂದು ವರ್ಷವಾಗಿತ್ತು. ಇವತ್ತು ಸಂಜೆ ದಾಟಿದರೆ ಆ ಮಾತು ದೇವರ ಹತ್ತಿರ ಹೋಗಿಯೇ ಆಡಬೇಕು.

ಒಲೆಯ ಮಗ್ಗುಲಲ್ಲಿ ತಡಕಿ ಒಂದು ಬಳಪದ ತುಂಡು ತೆಗೆದಳು.

*

ಆಗ ಅವರು ವಕೀಲರಲ್ಲ. ಕೊಲ್ಲಂನ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಹುರಿಯುತ್ತಿದ್ದ, ಯೂನಿಯನ್ನಿನ ಭಾಸುರಣ್ಣ. ಧಣಿ ಕಾರ್ಖಾನೆಗೆ ಬೀಗ ಹಾಕಿದಾಗ ಮುನ್ನೂರು ಹೆಂಗಸರ ಹೆಬ್ಬೆಟ್ಟು ಒತ್ತಿಸಿ ಕೋರ್ಟಿಗೆ ಅರ್ಜಿ ಕೊಟ್ಟರು. ಬೀಜ ಒಡೆದು ಒಡೆದು, ಸೊನೆ ಹತ್ತಿ ಸುಲಿದ ಬೆರಳುಗಳು. ಕಾಗದದ ಮೇಲೆ ಮೂಡಿದ್ದು ಮುನ್ನೂರು ಮಸಿಬೊಟ್ಟು, ಒಂದರಲ್ಲೂ ಗೆರೆಯಿಲ್ಲ.

"ಇಷ್ಟನ್ನೂ ಒಬ್ಬನೇ ಕೂತು ಒತ್ತಿದ್ದಾನೆ," ಎಂದ ಧಣಿಯ ವಕೀಲ.

ಗೋಮತಿಯನ್ನು ಕಟಕಟೆಗೆ ಕರೆದು ಮತ್ತೆ ಒತ್ತಿಸಿದರು. ಮತ್ತೆ ಮಸಿಬೊಟ್ಟೇ. ಯಾರೋ ನಕ್ಕರು. ಭಾಸುರಣ್ಣ ತಲೆ ತಗ್ಗಿಸಿ ನಿಂತರು. ಅರ್ಜಿ ಬಿದ್ದುಹೋಯಿತು.

ಮರುವಾರ ಅವರು ಒಂದು ಹೊರೆ ಸ್ಲೇಟು ಹೊತ್ತುಕೊಂಡು ಓಣಿಗೆ ಬಂದರು. "ಇನ್ನು ಯಾರೂ ಹೆಬ್ಬೆಟ್ಟು ಒತ್ತಬಾರದು. ಹೆಸರು ಬರೆಯೋದು ನಾನು ಕಲಿಸ್ತೀನಿ."

"ನನ್ನ ಬೆರಳು ಸುಳ್ಳು ಹೇಳಿತಾ, ಅಣ್ಣ?" ಎಂದಳು ಗೋಮತಿ. "ಗೆರೆ ಹೋಗಿದ್ದು ಅವರ ಬೀಜ ಒಡೆದು. ಅದನ್ನ ಅಲ್ಲಿ ಹೇಳಬೇಕಿತ್ತು ನೀವು. ಅಲ್ಲಿ ಬಾಯಿಲ್ಲ, ಇಲ್ಲಿ ನನಗೆ ಪಾಠ!"

ಅವರು ಹೊರೆಯಿಂದ ಒಂದು ಸ್ಲೇಟು ತೆಗೆದು ಅವಳತ್ತ ಚಾಚಿದರು. "ಸ್ಲೇಟು ಇಟ್ಟುಕೊಂಡಿರು. ಹೆಸರು ಬರೆದ ದಿನ ವಾಪಸು ಕೊಡು."

"ಇಡಿ. ನನ್ನ ಅಕ್ಕಿಮಡಕೆಗೂ ಮುಚ್ಚಳ ಇರಲಿಲ್ಲ."

ಅದೇ ಕಡೆಯ ಮಾತು.

ಆಮೇಲೆ ಅವರು ಕಾನೂನು ಓದಿ ನಲವತ್ತಾರನೇ ವಯಸ್ಸಿಗೆ ಕರಿಕೋಟು ಹಾಕಿದರು. ಇನ್ನೊಂದು ಕಾರ್ಖಾನೆಯ ಕೇಸಿನಲ್ಲಿ, "ಈ ಬೆರಳುಗಳಲ್ಲಿ ಗೆರೆಯಿಲ್ಲ, ಸ್ವಾಮಿ. ಇವರ ದುಡಿಮೆಗೆ ಅದೇ ಸಾಕ್ಷಿ" ಎಂದು ವಾದಿಸಿ ಗೆದ್ದರಂತೆ. ಲತಿಕಾ ಬಂದು ಹೇಳಿದಾಗ ಗೋಮತಿ ಮೀನು ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಆದರೆ ಆವತ್ತು ಸಾರಿಗೆ ಉಪ್ಪು ಮರೆತಳು.

ಸಂಜೆ ಸಂಜೆ ಅವಳ ಹಿತ್ತಲಾಚೆಯ ಬಾದಾಮಿ ಮರದಡಿ ಅವರ ಪಾಠ ನಡೆಯುತ್ತಿತ್ತು. ಬೇಲಿಯ ಸಂದಿನಿಂದ ಕರಿಹಲಗೆ ಕಾಣುತ್ತಿತ್ತು. ಹೆಂಗಸರೆಲ್ಲ ಮನೆಗೆ ಹೋದ ಮೇಲೆ, ಹೆಂಡತಿ ಮಕ್ಕಳಿಲ್ಲದ ಆ ಮನುಷ್ಯ ಹಲಗೆ ಒರೆಸಿ, ಬೆಂಚಿನ ಮೇಲೆ ಒಬ್ಬರೇ ಕೂತಿರುತ್ತಿದ್ದರು. ಈಚೆ ಒಲೆಯ ಮುಂದೆ ಇವಳೂ ಒಬ್ಬಳೇ. ಹಲಗೆಯಲ್ಲಿ ಕಂಡ ಹಾಗೆ ಬೂದಿಯಲ್ಲಿ ಬೆರಳಾಡಿಸಿ, ಅಳಿಸಿ, ಮತ್ತೆ ಆಡಿಸುತ್ತಿದ್ದಳು.

*

ವಕೀಲರ ಮನೆಯಂಗಳದ ತೆಂಕು ಬದಿಯಲ್ಲಿ, ಚಿತೆಗೆಂದು ಕಡಿದ ಮಾವಿನ ಮರ ಬಿದ್ದಿತ್ತು. ಬಾದಾಮಿ ಮರದಡಿಯ ಅದೇ ಬೆಂಚನ್ನು ತಂದು ಅದರ ಮೇಲೆ ಅವರನ್ನು ಮಲಗಿಸಿದ್ದರು. ಮೇಜಿನ ಮೇಲಿನ ಸಂತಾಪ ಪುಸ್ತಕದಲ್ಲಿ ಹೆಂಗಸರು ಸಾಲಾಗಿ, ನಾಲಗೆ ಕಚ್ಚಿಕೊಂಡು ಸಹಿ ಹಾಕುತ್ತಿದ್ದರು.

ಯೂನಿಯನ್ನಿನ ಸುಗತನ್ ಮಸಿಯ ಡಬ್ಬಿ ಹಿಡಿದು ಬಂದ. "ಗೋಮತಿಯಕ್ಕ, ಇದು ನಿನಗೇ ಅಂತ ತರಿಸಿದ್ದು. ಇಡೀ ಓಣಿಯಲ್ಲಿ ಹೆಬ್ಬೆಟ್ಟು ಒತ್ತೋಕೆ ನೀನೊಬ್ಬಳೇ ಉಳಿದಿದ್ದೀಯ ನೋಡು."

"ಮುಚ್ಚಿಡಪ್ಪ. ಒಣಗಿಹೋದೀತು."

ಅವಳು ಬೆಂಚಿನ ಹತ್ತಿರ ಹೋದಳು. ಅವರ ಕೈಯ ಎರಡು ಹೆಬ್ಬೆರಳನ್ನೂ ಸೇರಿಸಿ ಬಿಳಿಬಟ್ಟೆಯಲ್ಲಿ ಕಟ್ಟಿದ್ದರು. ಬಗ್ಗಿ ನೋಡಿದಳು. ಹುರಿಯುವ ಒಲೆಯ ಸೊನೆ ತಿಂದ ಬೆರಳುಗಳು, ಹೊಳೆಯ ಬೆಣಚುಕಲ್ಲಿನ ಹಾಗೆ ನುಣ್ಣಗೆ. ಅಲ್ಲೂ ಒಂದೂ ಗೆರೆಯಿರಲಿಲ್ಲ. ಇಷ್ಟು ವರ್ಷ ಅವಳು ಆ ಕೈ ನೋಡಿರಲೇ ಇಲ್ಲ.

"ಅಣ್ಣ," ಎಂದಳು, ಅವರಿಗೆ ಮಾತ್ರ ಕೇಳುವ ಹಾಗೆ.

ಪ್ಲಾಸ್ಟಿಕ್ ಚೀಲದಿಂದ ಸ್ಲೇಟು ತೆಗೆದು, ಹೂಮಾಲೆಗಳನ್ನು ತುಸು ಸರಿಸಿ ಆ ಕೈಗಳ ಪಕ್ಕ ಇಟ್ಟಳು. ಸೊಟ್ಟ ಸೊಟ್ಟ ಅಕ್ಷರದಲ್ಲಿ ಅವಳ ಹೆಸರಿತ್ತು.

ಮಳೆ ಮತ್ತೆ ಹಿಡಿಯಿತು. ಜನ ಚಾವಡಿಗೆ ಸರಿದರು. ಗೋಮತಿ ಕೊಡೆ ಬಿಚ್ಚಿ ಸ್ಲೇಟಿನ ಮೇಲೆ ಹಿಡಿದು, ತಾನು ನೆನೆಯುತ್ತ, ಎತ್ತುವವರು ಬರುವವರೆಗೂ ನಿಂತಿದ್ದಳು.