ಮೆಣಸಿನಕಾಯಿ ಕೈ, ಗಾಡಿಯ ಕೀಲಿ

“ಆರನೇ ಇಯತ್ತೆ ದಾಟಾಕ ಆಗಲಿಲ್ಲ, ಗಾಡಿ ಓಡಸ್ತಾನಂತ. ನಿನಗ ಲೈಸೆನ್ಸ್ ಕೊಟ್ರ ನಮ್ಮನಿ ಎಮ್ಮಿಗೂ ಒಂದು ಕೊಡ್ತಾರ. ಹೋಗು, ಚೀಲ ಹೊರು.”

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯ ಮಾಲೀಕ ರುದ್ರಮುನಿ ಹೀಗಂದಾಗ ಹಮಾಲರು, ರೈತರು ಎಲ್ಲರೂ ನಕ್ಕರು. ರಾಶಿಯ ಪಕ್ಕ ತೊಟ್ಟು ಬಿಡಿಸುತ್ತ ಕೂತಿದ್ದ ಉಚ್ಚಂಗೆವ್ವ ಮಾತ್ರ ತಲೆ ಎತ್ತಲಿಲ್ಲ. ಬೈಸಿಕೊಂಡವನು ಅವಳ ಮಗ ಕನಕರಾಜ.

ಅವನು ಕೇಳಿದ್ದು ದೊಡ್ಡದೇನಲ್ಲ. ಅಂಗಡಿಯ ಸಾಮಾನಿನ ಗಾಡಿ ಓಡಿಸುವ ಡಾಕಪ್ಪನಿಗೆ ಕಣ್ಣು ಮಂಜಾಗಿತ್ತು. ಯುಗಾದಿಗೆ ಅವನು ಕೆಲಸ ಬಿಡುತ್ತಾನೆ, ಆ ಸೀಟು ನನಗೆ ಕೊಡಿ ಎಂದಿದ್ದ. ಆರು ವರ್ಷ ಚೀಲ ಹೊತ್ತು ಇಪ್ಪತ್ತಮೂರಕ್ಕೇ ಅವನ ಬಲಭುಜ ಇಳಿದಿತ್ತು. ಈ ಸೀಟು ತಪ್ಪಿದರೆ ಜೀವ ಇರುವತನಕ ಚೀಲವೇ ಗತಿ. ಗೇಟಿನಿಂದ ಗೋದಾಮಿಗೆ ಅವನ ಕೈಯಲ್ಲಿ ಗಾಡಿ ಓಡಿಸಿ ಹಚ್ಚಿಸುವಾಗ ಯಾರಿಗೂ ಅವನ ಆರನೇ ಇಯತ್ತೆ ನೆನಪಾಗಿರಲಿಲ್ಲ. ಪಗಾರ ಕೇಳಿದ ಕೂಡಲೇ ನೆನಪಾಯಿತು.

ಸಂಜೆ ಓಣಿಯಲ್ಲಿ ಸಿಕ್ಕವಳು ತರನ್ನುಮ. ತನ್ನದೇ ಹಳೇ ವ್ಯಾನಿನಲ್ಲಿ ಓಣಿಯ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಹೆಣ್ಣುಮಗಳು. ಎಂಟನೇ ಇಯತ್ತೆ ಪಾಸಾಗದವರಿಗೆ ಆ ಕೆಲಸದ ಲೈಸೆನ್ಸ್ ಇಲ್ಲವಂತೆ ಎಂದು ಕನಕರಾಜ ಹಲ್ಲು ಕಡಿದ.

“ಅದು ಹಳೇ ಮಾತು, ತಮ್ಮಾ. ಆ ಕಾನೂನು ತಗದು ಎಷ್ಟೋ ವರ್ಷಾತು. ಎಷ್ಟು ಓದೀದಿ ಅಂತ ಈಗ ಯಾರೂ ಕೇಳೂದಿಲ್ಲ. ಓಡಸಾಕ ಬರ್ತೈತೋ ಇಲ್ಲೋ ಅಂತ ಕೇಳ್ತಾರ.”

ಅವಳು ಕಟ್ಟೆಯ ಮೇಲೆ ಕೂತು ಎಲ್ಲ ಬಿಡಿಸಿ ಹೇಳಿದಳು. ಅರ್ಜಿ ಮೊಬೈಲಿನಲ್ಲೇ ಹಾಕಬಹುದು. ಮೊದಲು ಕಲಿಯುವವರ ಲೈಸೆನ್ಸ್. ಅದಕ್ಕೆ ರಸ್ತೆಯ ಚಿಹ್ನೆಗಳ ಮೇಲೆ ಪ್ರಶ್ನೆ ಕೇಳುತ್ತಾರೆ, ಕನ್ನಡದಲ್ಲೇ. ಅದು ಬಂದ ಮೇಲೆ ಕನಿಷ್ಠ ಒಂದು ತಿಂಗಳು ಕಲಿಯಬೇಕು. ಗಾಡಿಯ ಹಿಂದೆ ಮುಂದೆ ಕೆಂಪು ‘ಎಲ್’ ಫಲಕ, ಪಕ್ಕದಲ್ಲಿ ಲೈಸೆನ್ಸ್ ಇದ್ದವರೊಬ್ಬರು. ಆಮೇಲೆ ಪರೀಕ್ಷೆ.

ಉಚ್ಚಂಗೆವ್ವ ಒಪ್ಪಲಿಲ್ಲ. “ಚೀಲ ಹೊತ್ರ ಮೈ ನೋಯ್ತೈತಿ. ಗಾಡಿ ಹಿಡದ್ರ ಜೀವಾನ ಹೋಗ್ತೈತಿ. ಬ್ಯಾಡ,” ಅಂದಳು. ಮಗ ಕೇಳಲಿಲ್ಲ. ಹದಿನೈದು ದಿನದಲ್ಲಿ ಕಲಿಯುವವರ ಲೈಸೆನ್ಸ್ ಬಂತು. ದಿನಾ ಸಂಜೆ ತರನ್ನುಮಳನ್ನು ಪಕ್ಕಕ್ಕೆ ಕೂರಿಸಿಕೊಂಡು ಅವಳ ವ್ಯಾನು ಓಡಿಸತೊಡಗಿದ.

ನಾಲ್ಕನೇ ಸಂಜೆ ಅವನು ಮಾರುಕಟ್ಟೆಯಿಂದ ನೇರವಾಗಿ ಬಂದು ಸ್ಟೇರಿಂಗ್ ಹಿಡಿದ. ಹಳೇ ಪೇಟೆಯ ಓಣಿ, ಎತ್ತಿನ ಗಾಡಿಯ ಕಾಲದ್ದು. ಎರಡು ಸೈಕಲ್ ಎದುರಾದರೆ ಒಂದು ನಿಲ್ಲಬೇಕು. ಹಣೆಯ ಬೆವರು ಕಣ್ಣಿಗಿಳಿಯಿತು, ಕೈಯಿಂದ ಒರೆಸಿಕೊಂಡ. ದಿನವಿಡೀ ಮೆಣಸಿನಕಾಯಿ ತುಂಬಿದ ಕೈ. ಬೆಂಕಿ ಇಟ್ಟ ಹಾಗೆ ಎರಡೂ ಕಣ್ಣು ಮುಚ್ಚಿದವು. ಬ್ರೇಕು ತುಳಿಯಬೇಕಾದ ಕಾಲು ಎಕ್ಸಿಲರೇಟರ್ ತುಳಿಯಿತು. ತರನ್ನುಮ ಹ್ಯಾಂಡ್‌ಬ್ರೇಕ್ ಜಗ್ಗಿದಳು. ಕೊಡ ಹಿಡಿದು ನಿಂತಿದ್ದ ಮುದುಕಿಯೊಬ್ಬಳ ಮುಂದೆ ಒಂದು ಮೊಳ ಬಿಟ್ಟು ವ್ಯಾನು ನಿಂತಿತು.

ಕಣ್ಣು ಬಿಡಲಾಗದಿದ್ದರೂ ಕನಕರಾಜ ಮುದುಕಿಗೇ ಬೈದ. ತರನ್ನುಮ ಅವನ ಮುಖಕ್ಕೆ ನೀರು ಹಾಕಿ, ಅವನು ಬೈದು ಮುಗಿಸುವತನಕ ಕಾದಳು.

“ಆಯಿ ತನ್ನ ಮನಿ ಮುಂದ ನಿಂತಾಳ. ಮೆಣಸಿನಕಾಯಿ ಕೈಲೆ ಕಣ್ಣು ಒರಸಿದಾಂವ ನೀನು.”

“ಮಾರ್ಕೆಟ್‌ನ್ಯಾಗ ದಿನಾ ಹಿಂಗ ಓಡಸ್ತೀವಲ್ಲಕ್ಕಾ, ಉರಿ ಹತ್ತಿದ್ರ ಒಂದು ಕಣ್ಣು ಮುಚ್ಚಿ.”

“ಅಲ್ಲಿ ಬಾಜೂಕ ಯಾರು ಕುಂತಿರ್ತಾರ?”

ಅಲ್ಲಿ ಯಾರೂ ಕೂತಿರುತ್ತಿರಲಿಲ್ಲ. ಗಾಡಿಯ ದಾರಿಗೆ ಬೆನ್ನು ಮಾಡಿ ತೊಟ್ಟು ಬಿಡಿಸುತ್ತ ಕೂತವರಲ್ಲಿ ತನ್ನ ತಾಯಿಯೂ ಇರುತ್ತಾಳೆಂಬುದು ಅವನಿಗೆ ಆಗ ಹೊಳೆಯಿತು. ಇಳಿದು ಹೋಗಿ ಮುದುಕಿಯ ಕಾಲು ಮುಟ್ಟಿದ.

ಓಣಿಯಲ್ಲಿ ಆದದ್ದು, ಮಾರುಕಟ್ಟೆಯಲ್ಲಿ ಮಾಡುತ್ತಿದ್ದದ್ದು ಎರಡನ್ನೂ ಮನೆಯಲ್ಲಿ ಅವನೇ ಬಾಯಿ ಬಿಟ್ಟು ಹೇಳಿದ. ಅವ್ವ ಇನ್ನು ಕಲಿಯಲು ಬಿಡುವುದಿಲ್ಲ ಅಂದುಕೊಂಡಿದ್ದ. ಉಚ್ಚಂಗೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಅಂದ್ರ ಇಷ್ಟು ವರ್ಷ ಕಲೀದ, ಕಣ್ಣು ಮುಚ್ಚಿ, ನಮ್ಮ ಬೆನ್ನ ಹಿಂದ ಓಡಿಸೀದಿ. ಹಂಗಾದ್ರ ಕಲಿ. ಪೂರಾ ಕಲಿ. ಕಲತ ಮ್ಯಾಲ ಮುಟ್ಟು.”

ಮರುದಿನದಿಂದ ಸಂಜೆಯ ಕೆಲಸ ಅವಳದೇ. ಮೊದಲು ಮಗನ ಅಂಗೈಗೆ ಕೊಬ್ಬರಿ ಎಣ್ಣೆ, ಆಮೇಲೆ ಸಾಬೂನು ಎರಡು ಸಲ, ಆಮೇಲೆ ಬೇರೆ ಅಂಗಿ. ಖಾರ ಬರೀ ನೀರಿಗೆ ಹೋಗುವುದಿಲ್ಲವೆಂದು ತೊಟ್ಟು ಬಿಡಿಸುವ ಅವಳ ಕೈಗಳಿಗೆ ಗೊತ್ತಿತ್ತು. ಮಾರುಕಟ್ಟೆಯಲ್ಲಿ ಗಾಡಿ ಹಚ್ಚಲು ಕರೆದರೆ ಕನಕರಾಜ ಈಗ ಹೋಗುತ್ತಿರಲಿಲ್ಲ. ಪರೀಕ್ಷೆಯ ದಿನ ಕನ್ನಡಿ ನೋಡಿ, ನಿಧಾನಕ್ಕೆ ಹಿಂದೆ ತಗೊಂಡು, ಗೆರೆ ಮುಟ್ಟದೆ ನಿಲ್ಲಿಸಿದ. ಪಾಸಾದ.

ಯುಗಾದಿಯ ಮುಂಚೆ ಅಂಚೆಯಲ್ಲಿ ಕಾರ್ಡು ಬಂತು. ರುದ್ರಮುನಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಫೋಟೋದಾಗ ಶ್ಯಾಣ್ಯಾ ಕಾಣಸ್ತಿ ಬಿಡು,” ಎಂದು ಕೀಲಿ ಕೊಟ್ಟರು. ಉಚ್ಚಂಗೆವ್ವ ಅವತ್ತು ಇಡೀ ಓಣಿಗೆ ಚಹಾ ಕುಡಿಸಿದಳು.

ಓದುತ್ತಿರುವ ಅಣ್ಣಾ, ಕೇಳುತ್ತಿರುವ ಅಕ್ಕಾ, ಶಾಲೆ ಬಿಟ್ಟಿದ್ದೇನೆ ಎಂದು ಹಿಂದೆ ಸರಿಯಬೇಡಿ. ಅರ್ಜಿ ನೀವೇ ಹಾಕಿ, ಪರೀಕ್ಷೆ ನೀವೇ ಕೊಡಿ. ಖಾರದ ಕೈ, ಎಣ್ಣೆಯ ಕೈ, ಔಷಧ ಹೊಡೆದ ಕೈ ತೊಳೆಯದೆ ಸ್ಟೇರಿಂಗ್ ಹಿಡಿಯಬೇಡಿ. ಲೈಸೆನ್ಸ್ ಇಲ್ಲದವರಿಗೆ, ಅವರು ಯಾರೇ ಇರಲಿ, ಕೀಲಿ ಕೊಡಬೇಡಿ. ಕೊಟ್ಟ ಮಾಲೀಕರ ಮೇಲೂ ಕೇಸು ಬೀಳುತ್ತದೆ. ಕೀಲಿ ಕೇಳುವವರು ಕೇಳೇ ಕೇಳುತ್ತಾರೆ. ಕನಕರಾಜನನ್ನೂ ಕೇಳಿದರು.

ಕೆಲಸಕ್ಕೆ ಸೇರಿದ ವಾರದಲ್ಲೇ ರುದ್ರಮುನಿಯವರ ಅಳಿಯ ಸುಭಾಷ ಬಂದು ಗೋದಾಮಿನ ಮುಂದೆ ಕೀಲಿಗೆ ಕೈ ಚಾಚಿದ. ಗೇಟಿನ ತನಕ ಒಂದು ಸುತ್ತು ಸಾಕು ಎಂದ. ಲೈಸೆನ್ಸ್ ಐತೇನ್ರಿ ಎಂದು ಕನಕರಾಜ ಮೆಲ್ಲಗೆ ಕೇಳಿದ.

“ನಮ್ಮ ಮಾವನ ಗಾಡಿಗೆ ನನಗ ಲೈಸೆನ್ಸ್ ಯಾಕಲೇ? ನಾಳೆ ನೀ ಈ ಸೀಟಿನ್ಯಾಗ ಇರ್ಬೇಕೋ ಬ್ಯಾಡೋ?”

ಹಮಾಲರೆಲ್ಲ ಚೀಲ ಇಳಿಸಿ ನೋಡುತ್ತಿದ್ದರು. ಕನಕರಾಜ ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿದ, ಜೇಬಿನ ಗುಂಡಿ ಹಚ್ಚಿದ, ಚಹಾದಂಗಡಿಯ ಕಡೆ ನಡೆದುಬಿಟ್ಟ.