ಕೀಲಿಗೆ ಹಚ್ಚಿದ ವಿಭೂತಿ

ಮಸ್ಕಿಯ ಅಮರಗುಂಡಪ್ಪನ ಮೋಟರ್ ಸೈಕಲ್ಲು ಆ ಮುಂಜಾನೆ ಎಷ್ಟು ಒದ್ದರೂ ಉಸಿರೆತ್ತಲಿಲ್ಲ. ಹಟ್ಟಿಯ ಚಿನ್ನದ ಗಣಿಯಿಂದ ತನ್ನ ದೇಶಕ್ಕೆ ಮರಳಿದ ಬಿಳಿಯ ದೊರೆಯೊಬ್ಬನಿಂದ ಕೊಂಡ ಹಳೆಯ ಗಾಡಿ ಅದು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಆಗಲೇ ದಾಟಿಹೋಗಿತ್ತು.

ಹೆಂಡತಿ ಕಲ್ಯಾಣಮ್ಮ ರೇಷ್ಮೆ ಸೀರೆಯುಟ್ಟು, ಕೂಸಿನ ತಲೆಗೆಂದು ತಾನೇ ಹೊಲಿದ ಕುಂಚಿಗೆ ಹಿಡಿದು ಕಟ್ಟೆಯ ಮೇಲೆ ನಿಂತಿದ್ದಳು. ಲಿಂಗಸುಗೂರಿನಲ್ಲಿ ಅವಳ ತಮ್ಮನ ಮಗಳಿಗೆ ಅಂದು ತೊಟ್ಟಿಲು. ಮಧ್ಯಾಹ್ನ ಹನ್ನೆರಡರೊಳಗೆ ಕೂಸಿನ ಕಿವಿಯಲ್ಲಿ ಹೆಸರು ಕರೆಯಬೇಕು, ಕರೆಯಬೇಕಾದವಳು ಸೋದರತ್ತೆ. ಆ ಕೂಸಿಗೆ ಇದ್ದವಳು ಇವಳೊಬ್ಬಳೇ.

ಹಿಟ್ಟಿನ ಗಿರಣಿಯ ಎಂಜಿನ್ನು ನೋಡಿಕೊಳ್ಳುವ ದಾವಲ್‌ಸಾಬ್ ಬಂದ. ಹಾರ್ನು ಒತ್ತಿದ, ಸದ್ದಿಲ್ಲ. ದೀಪ ಹಾಕಿದ, ಬೆಳಕಿಲ್ಲ. ಸೀಟಿನ ಕೆಳಗೆ ತಂತಿಗಳು ಕೂಡುವ ಹಿತ್ತಾಳೆಯ ಕೀಲೊಂದನ್ನು ಎಳೆದು ಬಿಚ್ಚಿದ.

"ಸಾಹುಕಾರ್ರ, ಇದೇನ್ರಿ? ಸಂದಿಯೊಳಗೆಲ್ಲ ಬೂದಿ ಮೆತ್ತ್ಯಾರ!"

"ಬೂದಿ ಅನಬ್ಯಾಡೋ, ವಿಭೂತಿ ಅದು. ನಾನೇ ಹಚ್ಚೀನಿ," ಎಂದ ಅಮರಗುಂಡಪ್ಪ. "ದೂರದ ದಾರಿ. ನಾವು ಮೈಯ ಕೀಲು ಕೀಲಿಗೆ ಹಚ್ಚಿಕೊಳ್ಳೋದಿಲ್ಲೇನು? ಹಂಗ ನಿನ್ನೆ ಇದರ ಕೀಲೆಲ್ಲ ಬಿಚ್ಚಿ, ಮಂತ್ರ ಅಂದು, ನೀರಾಗ ಕಲಸಿ ಹಚ್ಚಿ, ಮತ್ತ ಕೂಡಿಸೀನಿ."

"ಅಂದ್ರ ಗಾಡಿ ಕೆಟ್ಟಿಲ್ಲ ಬಿಡ್ರಿ," ಕಲ್ಯಾಣಮ್ಮ ಕಟ್ಟೆಯಿಂದಲೇ ಅಂದಳು. "ಶಿವಪೂಜಿಗೆ ಕುಂತದ. ಕೈಮುಗಿದು ಎಬ್ಬಸ್ರಿ!"

ದಾವಲ್‌ಸಾಬ್ ನಕ್ಕರೂ ಕೈ ಅವಸರ ಮಾಡಲಿಲ್ಲ. ಒಗೆದ ವಸ್ತ್ರವೊಂದನ್ನು ಕೇಳಿ ಹಾಸಿ, ಚಾಕುವಿನ ತುದಿಯಿಂದ ಕೀಲು ಕೀಲನ್ನೂ ಕೆರೆದ. ಒಂದು ಚಿಟಿಕೆಯೂ ನೆಲಕ್ಕೆ ಬೀಳಗೊಡಲಿಲ್ಲ. ದೇವರ ವಸ್ತು ಯಾರ ಮನೆಯದಾದರೂ ದೇವರದೇ ಅಲ್ಲವೆ?

"ಹಿತ್ತಾಳಿಗೆ ಹಿತ್ತಾಳಿ ಮುಟ್ಟಬೇಕ್ರಿ. ನಡುವ ಏನ ಬಂದ್ರೂ ಕರೆಂಟು ಅಲ್ಲೇ ನಿಂತುಬಿಡ್ತದ. ಇವು ಮೊದಲ ಕಿಲುಬು ಹಿಡಿದಾವ. ಅಕ್ಕಾರ, ಹುಣಸಿಹಣ್ಣು ಐತೇನ್ರಿ?"

ದೇವರ ತಂಬಿಗೆ ಬೆಳಗಿ ಬೆಳಗಿ ಪಳಗಿದ ಕೈ ಕಲ್ಯಾಣಮ್ಮನದು. ಸೆರಗು ಸಿಕ್ಕಿಸಿ ತಾನೇ ಕುಳಿತು ತಿಕ್ಕಿದಳು, ಹಿತ್ತಾಳೆ ಬಂಗಾರದಂತಾಯಿತು. ದಾವಲ್‌ಸಾಬ್ ತೊಳೆದು, ಚೆನ್ನಾಗಿ ಒರೆಸಿ, ಬಿಸಿಲಿಗೆ ಹಿಡಿದು ಆರಿಸಿದ. ಕೀಲುಗಳನ್ನು ಬಿಗಿಯಾಗಿ ಕೂಡಿಸಿ, ಸೈಕಲ್ ಟ್ಯೂಬಿನ ತುಂಡು ಸುತ್ತಿದ.

"ಒದೀರಿ ಈಗ."

ಒಂದೇ ಒದೆತಕ್ಕೆ ಗಾಡಿ ಗುಡುಗಿತು. ಓಣಿಯ ಕೋಳಿಗಳೆಲ್ಲ ಮಾಳಿಗೆ ಏರಿದವು.

"ಹಂಗಾದ್ರ ಇನ್ನ ವಿಭೂತಿ ಎಲ್ಲಿ ಹಚ್ಚಲಿ?" ಅಮರಗುಂಡಪ್ಪ ಸದ್ದಿನೊಳಗೇ ಕೂಗಿ ಕೇಳಿದ.

"ನಿಮ್ಮ ಹಣಿಗೆ! ಹತ್ತೂವರಿ ಆಗೇದ, ಹೋಗ್ರಿ!" ದಾವಲ್‌ಸಾಬ್ ಕೈಬೀಸಿ ಕೂಗಿದ.

ಲಿಂಗಸುಗೂರಿನ ಮನೆಯಲ್ಲಿ ಹೆಂಗಸರು ಬಾಗಿಲು ನೋಡುತ್ತಲೇ ತೊಟ್ಟಿಲ ಹಾಡನ್ನು ಮೂರನೆಯ ಸಲ ಎತ್ತಿದ್ದರು. ಹನ್ನೆರಡಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ತಲೆತುಂಬ ದಾರಿಯ ಧೂಳು ಹೊತ್ತ ಕಲ್ಯಾಣಮ್ಮ ಕೈಕಾಲು ತೊಳೆದು ಒಳಬಂದಳು. ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ "ಕುರ್‌ರ್" ಎಂದು, "ಅಂಬಮ್ಮ" ಎಂದು ಕರೆದಳು.

ಹೆಸರಿಟ್ಟವಳ ಬೆನ್ನಿಗೆ ಗುದ್ದುವುದು ವಾಡಿಕೆ. ತಡಮಾಡಿದ್ದಕ್ಕೂ ಸೇರಿಸಿ ಹೆಂಗಸರೆಲ್ಲ ಮುಗಿಬಿದ್ದರು.

"ಇನ್ನೂ ನಾಕು ಹಾಕ್ರೇ!" ಬಾಗಿದ ಕಲ್ಯಾಣಮ್ಮ ನಗುತ್ತ ಅಂದಳು. "ಇದಕ್ಕಂತನೇ ಬಂದೀನಿ!"