ಪುರಿ ತಿಂದ ಟ್ರೌಟ್

ನಮ್ಮವರು, ಬದರೀನಾಥ, ನೈರೋಬಿಯ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸದಲ್ಲಿದ್ದರು. ಮಾತ್ರೆಯ ಮೇಲೆ ಸಾಸಿವೆಯ ಕಾಲುಭಾಗದಷ್ಟು ಕಪ್ಪು ಚುಕ್ಕೆ ಕಂಡರೂ ಇಡೀ ಬ್ಯಾಚನ್ನು ತಿರಸ್ಕರಿಸುವ ಮನುಷ್ಯ. ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ಮನೆಯಿಂದ ಬಂದವರು. ಅಂಥವರು ಇಪ್ಪತ್ತೆರಡು ವರ್ಷ ಮೀನು ಹಿಡಿದರು.

ತಿನ್ನುತ್ತಿರಲಿಲ್ಲ. ಬೆಟ್ಟದ ಮೇಲಿನ ಒಂದು ಕೆರೆಯಲ್ಲಿ ಹಿಡಿದದ್ದನ್ನು ಅಲ್ಲಿಯೇ ಕೆರೆ ಕಾಯುವವನಿಗೆ ಕೊಟ್ಟು ಬರುತ್ತಿದ್ದರು. ಮನೆಗೆ ಬಂದವರು ಹಿಂದಿನ ನಲ್ಲಿಯಲ್ಲಿ ಕೈಕಾಲು ತೊಳೆದು, ಸ್ನಾನ ಮಾಡಿ, ಆಮೇಲೆ ಅಡುಗೆಮನೆಯ ಹೊಸ್ತಿಲು ದಾಟುತ್ತಿದ್ದರು. "ತಿನ್ನೋದಿಲ್ಲ ಅಂದ ಮೇಲೆ ಹಿಡಿಯೋದು ಯಾಕೆ?" ಎಂದು ಒಮ್ಮೆ ಕೇಳಿದ್ದೆ. "ನೀನು ದಿನಾ ಪದಬಂಧ ಬಿಡಿಸ್ತೀಯಲ್ಲ, ಅದನ್ನ ತಿಂತೀಯಾ?" ಎಂದರು. ನಾನು ಪದಬಂಧ ಮಡಚಿಟ್ಟೆ.

ಎರಡು ಸಾವಿರದ ಮೂರರ ನವೆಂಬರಿನಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಕಾಲು ಬೇಗ ಸರಿಹೋಯಿತು, ಮಾತು ತಡವಾಗಿ ಬಂತು. ಬಲಗೈ ಮಾತ್ರ ಹಟ ಹಿಡಿಯಿತು. ಬೆರಳು ಮಡಚುತ್ತಿರಲಿಲ್ಲ. ಹಿಸುಕಲು ಆಸ್ಪತ್ರೆಯಲ್ಲಿ ಒಂದು ಕೆಂಪು ರಬ್ಬರ್ ಚೆಂಡು ಕೊಟ್ಟಿದ್ದರು. ಅದನ್ನು ಸೋಫಾದ ಸಂದಿಗೆ ತಳ್ಳಿ ಕಿಟಕಿ ನೋಡುತ್ತಾ ಕೂರುತ್ತಿದ್ದರು. ಫೆಬ್ರವರಿಯಲ್ಲಿ ಒಂದು ದಿನ ಕಿಶನ್ ಅಟ್ಟದಿಂದ ಅವರ ಗಾಳದ ರಾಡ್ ಇಳಿಸಿ ಕೈಗೆ ಕೊಟ್ಟ. ನೈರೋಬಿಯ ಹೈರಿಡ್ಜ್ ಬಡಾವಣೆಯ ನಮ್ಮ ಕಟ್ಟಡದಲ್ಲೇ ಕೆಳಗಿನ ಮನೆಯ ಕನ್ನಡದ ಹುಡುಗ ಅವನು, ಇವರ ಹಳೆಯ ವಿಭಾಗದಲ್ಲೇ ಕೆಲಸ. ಅಂಗಳದಲ್ಲಿ ಒಂದು ಬಕೆಟ್ ಇಟ್ಟು, "ಸರ್, ಎಡಗೈಯಲ್ಲಿ ಟ್ರೈ ಮಾಡಿ, ಬಕೆಟ್ಟೇ ಮೀನು ಅಂದ್ಕೊಳಿ" ಎಂದ. ಅಂದಿನಿಂದ ಚೆಂಡು ಸೋಫಾದ ಸಂದಿಯಿಂದ ಹೊರಗೆ ಬಂತು. ದಾರ ಹಿಡಿಯಲು ಬಲಗೈ ಬೇಕಲ್ಲ, ಹಾಗಾಗಿ ಬೆಳಿಗ್ಗೆ ಐವತ್ತು ಸಲ, ಸಂಜೆ ಐವತ್ತು ಸಲ ಹಿಸುಕತೊಡಗಿದರು.

ಏಪ್ರಿಲ್, ಮೇ, ಅಲ್ಲಿಯ ಮಳೆಗಾಲದ ಎರಡು ತಿಂಗಳು ಆ ಬೆಟ್ಟದ ಕೆರೆ ಮುಚ್ಚಿರುತ್ತದೆ. ಮೇ ಕೊನೆಯಲ್ಲಿ ಮೀನು ಸಾಕುವ ಮರಿಕೇಂದ್ರದಿಂದ ಲಾರಿಯಲ್ಲಿ ಟ್ರೌಟ್ ಮೀನು ತಂದು ಬಿಡುತ್ತಾರೆ. ಜೂನ್ ತಿಂಗಳ ಮೊದಲ ಶನಿವಾರ ತೆರೆಯುತ್ತಾರೆ. ಆ ವಾರ ಉಪ್ಪಿಟ್ಟು ತಿನ್ನುತ್ತಾ ನಮ್ಮವರು ಹೇಳಿದರು, "ಶನಿವಾರ ಒಂದು ಮೀನು. ಒಂದೇ ಸಾಕು. ಬರ್ಲಿಲ್ಲ ಅಂದ್ರೆ ರಾಡ್ ಕಿಶನ್‌ಗೆ ಕೊಟ್ಟುಬಿಡ್ತೀನಿ."

ಅವರು ಹೇಳಿದರೆ ಹೇಳಿದ್ದೇ. ರಾಡ್ ಹೋದರೆ ಚೆಂಡು ಮತ್ತೆ ಸೋಫಾದ ಸಂದಿಗೆ ಹೋಗುತ್ತದೆ. ಅಷ್ಟು ನನಗೆ ಗೊತ್ತಿತ್ತು. ದೇವರ ಮುಂದೆ ನಿಂತು ಒಂದು ಮೀನು ಸಿಗಲಿ ಎಂದು ಬೇಡಿಕೊಂಡೆ. ಬೇಡಿಕೊಂಡ ಮೇಲೆ, ಇದೇನು ಬೇಡಿಕೊಂಡೆ ಎಂದು ಗಾಬರಿಯಾಯಿತು. ಆ ಮೀನಿನ ಕಡೆಯಿಂದಲೂ ಒಂದು ನಮಸ್ಕಾರ ಹಾಕಿದೆ.

ಶನಿವಾರ ನಾನೂ ಹೊರಟೆ. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಕಿಶನ್ ಕಾರು ಓಡಿಸಿದ. ಸಂತೆಗೆ ಜನ ತುಂಬಿಕೊಂಡು ಹೊರಟ ಮಟಾಟು ವ್ಯಾನುಗಳು ಹಾರನ್ ಹೊಡೆಯುತ್ತಾ ನಮ್ಮನ್ನು ದಾಟಿಕೊಂಡು ಹೋದವು. ಚಹಾ ತೋಟಗಳು ಮುಗಿದು ಬಿದಿರಿನ ಕಾಡು ಸಿಕ್ಕಿತು. ಅದರಾಚೆ, ಮಂಜಿನೊಳಗೆ, ಕೆರೆ. ಚಳಿ ಎಷ್ಟಿತ್ತೆಂದರೆ ಫ್ಲಾಸ್ಕಿನ ಮುಚ್ಚಳ ತಿರುಗಿಸಲು ನನ್ನ ಬೆರಳೇ ಮಡಚಲಿಲ್ಲ. ಇವರಿಗೆ ದಿನವೂ ಹೀಗೆಯೇ ಇರುತ್ತದೆಯೇ ಎಂದುಕೊಂಡೆ.

ಕೆರೆ ಕಾಯುವ ಜೋಸೆಫ್ ಇವರನ್ನು ಕಂಡು ಓಡಿ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. "ಮ್ಜೇ!" ಎಂದ, ಅಲ್ಲಿಯವರು ಹಿರಿಯರನ್ನು ಕರೆಯುವ ಹಾಗೆ. ಕೈಕುಲುಕಲು ಬಲಗೈ ಚಾಚಿದವನು, ಇವರ ಕೈ ನೋಡಿದ ಕೂಡಲೇ ತನ್ನದನ್ನು ಹಿಂದೆಗೆದು ಎಡಗೈ ಚಾಚಿದ. ತಾನು ಮೊದಲಿಂದಲೂ ಎಡಚನೇ ಎಂಬಂತೆ. ನನಗೆ ಆ ಮನುಷ್ಯನ ಮೇಲೆ ಮಮತೆ ಹುಟ್ಟಿತು.

ದಡದಲ್ಲಿ ಕಂಬಕ್ಕೆ ಹೊಡೆದ ಒಂದು ಮರದ ಹಲಗೆಯಿತ್ತು. ಕಿಶನ್ ತನ್ನ ಒದ್ದೆ ಕೋಟನ್ನು ಅದಕ್ಕೆ ನೇತುಹಾಕಿ, "ಆಂಟಿ, ನೀವು ಆರಾಮಾಗಿ ಕೂತ್ಕೊಳಿ, ಸರ್‌ನ ನಾನ್ ನೋಡ್ಕೋತೀನಿ" ಎಂದ.

ಎಂಟು ಗಂಟೆಗೆ ಶುರುವಾಯಿತು. ಗಾಳದ ತುದಿಗೆ ಹುಳುವಿಲ್ಲ, ಹಿಟ್ಟಿಲ್ಲ. ಗರಿಯ ಎಳೆಗಳನ್ನು ಕಟ್ಟಿ ಮಾಡಿದ, ನೊಣದಂತೆ ಕಾಣುವ ಒಂದು ಚೂರು, ಅಷ್ಟೇ. ಎಡಗೈಯಲ್ಲಿ ರಾಡ್ ಬೀಸಿ ಅದನ್ನು ನೀರಿನ ಮೇಲೆ ಇಳಿಸಬೇಕು. ಮೊದಲ ಸಲ ಅದು ಇವರ ಟೋಪಿಗೇ ಸಿಕ್ಕಿಕೊಂಡಿತು.

"ದೊಡ್ಡ ಮೀನೇ ಬಿತ್ತಲ್ಲ ಸರ್," ಎಂದ ಕಿಶನ್.

"ಸುಮ್ನಿರಯ್ಯ. ಕೊಕ್ಕೆ ಬಿಡಿಸು."

ಎರಡನೆಯದು ಪೊದೆಗೆ. ಆಮೇಲಿನವು ನೀರಿಗೆ ಬಿದ್ದವು. ಮೀನು ಮಾತ್ರ ಬರಲಿಲ್ಲ. ಎದುರು ದಡದಲ್ಲಿ ಇಬ್ಬರು ಒಂದರ ಹಿಂದೊಂದು ಮೀನು ಎಳೆಯುತ್ತಿದ್ದರು. ಹತ್ತಾಯಿತು, ಹನ್ನೊಂದಾಯಿತು. ಇವರ ಎಡ ಭುಜ ನಡುಗತೊಡಗಿತು. ಕಿಶನ್ ಜೋಕು ನಿಲ್ಲಿಸಿದ. ಅವನು ಸುಮ್ಮನಾದದ್ದು ನೋಡಿ ನನಗೆ ಭಯವಾಯಿತು.

"ಹನ್ನೆರಡಕ್ಕೆ ಹೊರಡೋಣ," ಎಂದರು ಇವರು, ನೀರಿನಿಂದ ಕಣ್ಣು ತೆಗೆಯದೆ.

ನಾನು ಎದ್ದು ಇಪ್ಪತ್ತು ಹೆಜ್ಜೆ ಆಚೆ ಒಂದು ಬಂಡೆಯ ಮೇಲೆ ಹೋಗಿ ಕೂತೆ. ಚುರುಮುರಿ ಕಲಸಿ ಕೊಡೋಣವೆಂದು ಪುರಿಯ ಚೀಲ ಬಿಚ್ಚಿದೆ. ತಣ್ಣಗಾದ ಬೆರಳಿನಿಂದ ಗಂಟು ಜಾರಿತು, ನಾಲ್ಕು ಕಾಳು ನೀರಿಗೆ ಬಿದ್ದವು. ಬಿದ್ದ ಜಾಗದಲ್ಲಿ ನೀರು ಅಲ್ಲಾಡಿತು. ಒಂದು ಬಾಯಿ ಬಂತು. ಪುರಿ ಇಲ್ಲ.

ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ರಾಮನಾಥಪುರಕ್ಕೆ ಹೋಗುತ್ತಿದ್ದೆವು. ಅಲ್ಲಿ ಕಾವೇರಿಯ ಮೆಟ್ಟಿಲ ಮೇಲೆ ನಿಂತು ದೇವರ ಮೀನುಗಳಿಗೆ ಪುರಿ ಹಾಕುವುದು. ಹಾಕಿದ ಹಿಡಿಗೆ ನೂರು ಬಾಯಿ. ಕೈ ತಾನಾಗಿಯೇ ಚೀಲದೊಳಗೆ ಹೋಯಿತು. ಒಂದು ಹಿಡಿ ಎಸೆದೆ. ಅಯ್ಯೋ, ಎಷ್ಟು ಬಂದವು! ಮೈಮೇಲೆ ಚುಕ್ಕೆ, ಪಕ್ಕೆಯಲ್ಲಿ ನಸುಗೆಂಪು ಗೆರೆ. ಮರಿಕೇಂದ್ರದ ತೊಟ್ಟಿಯಲ್ಲಿ ಹಿಡಿಹಿಡಿಯಾಗಿ ಎರಚುವ ಮೇವಿನ ಉಂಡೆ ತಿಂದು ಬೆಳೆದವು. ಕೆರೆಗೆ ಬಂದು ಹತ್ತು ದಿನವೂ ಆಗಿರಲಿಲ್ಲ. ಯಾರಾದರೂ ಊಟ ಹಾಕಿಯಾರೇ ಎಂದು ಕಾಯುತ್ತಿದ್ದವೋ ಏನೋ.

ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಜೋಸೆಫ್. ನನ್ನ ಕೈ ನೋಡಿದ, ನೀರು ನೋಡಿದ. ಏನೋ ಹೇಳಲು ಬಾಯಿ ತೆರೆದು, ಇವರು ನಿಂತಿದ್ದ ಕಡೆ ನೋಡಿ, ಮತ್ತೆ ಮುಚ್ಚಿದ. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ, "ಗಾಳಿ ಮ್ಜೇ ಕಡೆಗೆ ಬೀಸ್ತಿದೆ, ಮಾಮಾ" ಎಂದ. ಅವರ ಭಾಷೆಯಲ್ಲಿ ಮಾಮಾ ಎಂದರೆ ಅಮ್ಮ. ಅಷ್ಟು ಹೇಳಿ ಬೆಟ್ಟದ ಕಡೆ ಮುಖ ಮಾಡಿಕೊಂಡು ಹೊರಟುಹೋದ.

ಅದು ಎಚ್ಚರಿಕೆಯೋ, ಉಪಾಯ ಹೇಳಿಕೊಟ್ಟದ್ದೋ ನನಗೆ ತಿಳಿಯಲಿಲ್ಲ. ಮೊದಲ ಹಿಡಿ ಅಭ್ಯಾಸಬಲದಿಂದ ಎಸೆದದ್ದು, ನಿಜ. ಆಮೇಲಿನ ಮೂರು ಹಿಡಿ ಹಾಗಲ್ಲ. ಪುರಿ ತೇಲಿಕೊಂಡು ಹೋಗುವುದನ್ನೂ ಅದರ ಹಿಂದೆಯೇ ನೀರು ಗುಳುಗುಳು ಅನ್ನುವುದನ್ನೂ ನೋಡುತ್ತಾ ಕೂತೆ.

"ಸರ್! ಸರ್! ಬಂತು!" ಕಿಶನ್ ಕಿರುಚಿದ.

ರಾಡ್ ಬಾಗಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಓಡಿದೆ. ದಾರ ಸರಸರ ಹೊರಗೆ ಹೋಗುತ್ತಿತ್ತು. ಅದನ್ನು ಬಲಗೈ ಹಿಡಿಯಬೇಕು. ಕಿಶನ್ ಹಿಡಿಯಲು ಹೋದ.

"ಮುಟ್ಬೇಡ!" ಎಂದರು ಇವರು. ಅಷ್ಟು ಸ್ಪಷ್ಟವಾದ ಮಾತು ಆರೇಳು ತಿಂಗಳಿಂದ ಅವರ ಬಾಯಲ್ಲಿ ಕೇಳಿರಲಿಲ್ಲ. ಬಲಗೈ ದಾರದ ಮೇಲೆ ಬಂತು. ಬೆರಳು ಹಾಗೇ ನೆಟ್ಟಗಿದ್ದವು. ಆಮೇಲೆ ಕಿರುಬೆರಳು, ಅದರ ಪಕ್ಕದ್ದು, ಒಂದೊಂದಾಗಿ ಮಡಚಿದವು. ದಾರ ನಿಂತಿತು.

ಬಲೆಯಲ್ಲಿ ಮೀನು ಮೇಲೆ ಬಂದಾಗ ಕಿಶನ್ ಕ್ಯಾಮೆರಾ ತರಲು ಕಾರಿನ ಕಡೆ ಓಡಿದ. ಹೋಗುವಾಗ ಕೋಟು ಎಳೆದುಕೊಂಡ. ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದದ್ದು ಆಗ ಕಂಡಿತು. ಗರಿಯ ಗಾಳ ಮಾತ್ರ. ಯಾವ ತಿನಿಸನ್ನೂ ನೀರಿಗೆ ಹಾಕಕೂಡದು.

"ವಿಮಲಾ, ಹಿಡ್ಕೋ," ಎಂದರು ಇವರು ನನಗೆ. " ಕೊಕ್ಕೆ ತೆಗೀಬೇಕು. ಕೈ ಒದ್ದೆ ಮಾಡ್ಕೊಂಡು."

"ನಾನಾ?"

"ಇನ್ಯಾರಿದಾರೆ ಇಲ್ಲಿ?"

ಹಿಡಿದೆ. ಆಗತಾನೇ ತೊಳೆದ ಬದನೆಕಾಯಿಯಷ್ಟು ನುಣುಪು. ಆದರೆ ಒಳಗೆ ಏನೋ ಟಕಟಕ ಹೊಡೆದುಕೊಳ್ಳುತ್ತಿತ್ತು, ಅಥವಾ ಅದು ನನ್ನ ಎದೆಯೇ ಇರಬೇಕು. ಇವರು ಎಡಗೈಯಿಂದ ಕೊಕ್ಕೆ ಬಿಡಿಸಿದರು. ಕೊಕ್ಕೆಯ ಜೊತೆ ಉಬ್ಬಿದ ಒಂದು ಪುರಿಯ ಕಾಳು ಹೊರಗೆ ಬಂತು.

ಅದನ್ನು ಬೆರಳ ತುದಿಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದರು. ಕಾರ್ಖಾನೆಯಲ್ಲಿ ಮಾತ್ರೆ ನೋಡುತ್ತಿದ್ದದ್ದು ಹೀಗೆಯೇ ಇದ್ದಿರಬೇಕು. ಆಮೇಲೆ ನನ್ನ ಸೆರಗಿಗೆ ಅಂಟಿಕೊಂಡಿದ್ದ ಎರಡು ಕಾಳನ್ನು ನೋಡಿದರು.

"ನಾನೇ ಹಾಕಿದ್ದು ರೀ," ಎಂದೆ. "ಮೊದಲನೇ ಹಿಡಿ ಗೊತ್ತಿಲ್ಲದೆ. ಆಮೇಲೆ... ಗೊತ್ತಿದ್ದೇ. ಬೋರ್ಡ್ ಈಗ ನೋಡ್ದೆ."

ಮೀನು ಕೈಯಲ್ಲಿ ಕೊಸರಾಡಿತು. ದೂರದಲ್ಲಿ ಜೋಸೆಫ್ ಈಗಾಗಲೇ ಒಣಗಿದ್ದ ಒಂದು ಬಲೆಯನ್ನು ಮತ್ತೆ ಒಣಹಾಕುತ್ತಿದ್ದ.

"ನೀರಿಗೆ ಬಿಡು. ಮುಖ ಆ ಕಡೆ ಮಾಡಿ, ಮೆಲ್ಲಗೆ."

ಬಿಟ್ಟೆ. ಒಂದು ಗಳಿಗೆ ನನ್ನ ಅಂಗೈಯಲ್ಲೇ ನಿಂತಿತ್ತು. ಆಮೇಲೆ ಇರಲಿಲ್ಲ.

ಕಿಶನ್ ಕ್ಯಾಮೆರಾ ಹಿಡಿದು ಬಂದವನು ಖಾಲಿ ಬಲೆ ನೋಡಿದ. "ಏನ್ ಸರ್ ಇದು! ಫೋಟೋ ಆದ್ರೂ ತೆಗೀಬಹುದಿತ್ತಲ್ಲ. ಯಾಕ್ ಬಿಟ್ರಿ?"

"ಲೆಕ್ಕಕ್ಕಿಲ್ಲ," ಎಂದರು ಇವರು. ಪುರಿಯ ಕಾಳು ತೋರಿಸಿದರು.

ಅವನು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

"ಅಂದ್ರೆ ಸರ್..." ಅವನ ಮುಖ ಸಣ್ಣದಾಯಿತು. "ಅಂದ್ರೆ ಮೀನು ಸಿಕ್ಲಿಲ್ಲ ಅಂತಾನಾ? ರಾಡ್ ನಂಗೆ ಬೇಡ ಸರ್. ನಂಗ್ಯಾಕೆ ರಾಡು, ನಾನ್ ಬಕೆಟ್ ಇಡೋನು."

ಇವರು ರಾಡ್ ನೋಡಿದರು. ಒಳ್ಳೆಯದು ಮಾಡಲು ಹೋಗಿ ನಾನೇ ಕೆಡಿಸಿಬಿಟ್ಟೆನಲ್ಲ ಎನಿಸಿತು. ಮೂರು ಹಿಡಿ ಪುರಿ ಚೀಲದಲ್ಲೇ ಇದ್ದಿದ್ದರೆ ತಾನಾಗಿಯೇ ಒಂದು ಬರುತ್ತಿತ್ತೋ ಏನೋ.

"ಸ್ಯಾಂಪಲ್‌ನಲ್ಲಿ ಬೇರೆ ಏನಾದ್ರೂ ಸೇರಿದ್ರೆ ಏನ್ ಬರೀತೀಯೋ ರಿಪೋರ್ಟಲ್ಲಿ? ಪಾಸ್ ಅಂತಲೋ, ಫೇಲ್ ಅಂತಲೋ?"

ಕಿಶನ್ ಶಾಲೆಯ ಹುಡುಗನ ಹಾಗೆ ನಿಂತ. "ಎರಡೂ ಅಲ್ಲ ಸರ್. ಟೆಸ್ಟ್ ಇನ್‌ವ್ಯಾಲಿಡ್. ಮತ್ತೆ ಮಾಡ್ಬೇಕು."

"ಮತ್ತೆ ಮಾಡ್ಬೇಕು," ಎಂದರು ಇವರು. "ಮುಂದಿನ ಶನಿವಾರ. ಇವಳು ಕಾರಲ್ಲೇ ಕೂತಿರ್ಲಿ. ಕಿಟಕಿ ಏರಿಸ್ಕೊಂಡು."

ಹೊರಡುವಾಗ ಉಳಿದ ಪುರಿಯಲ್ಲಿ ಅರ್ಧವನ್ನು ಕಾಗದದಲ್ಲಿ ಸುತ್ತಿ ಜೋಸೆಫ್‌ಗೆ ಕೊಟ್ಟೆ. "ಅಸಾಂಟೆ ಸಾನಾ, ಮಾಮಾ" ಎಂದು ಧನ್ಯವಾದ ಹೇಳಿ ಗಂಭೀರವಾಗಿ ಜೇಬಿಗೆ ಹಾಕಿಕೊಂಡ. ಗಾಳಿಯ ಮಾತು ಯಾಕೆ ಹೇಳಿದೆ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಕೇಳಿದರೆ ಅವನು ಸುಳ್ಳು ಹೇಳಬೇಕಾಗುತ್ತಿತ್ತೇನೋ.

ಕಾರು ಬಿದಿರು ಕಾಡು ದಾಟಿತು. ಇವರು ಕಣ್ಣು ಮುಚ್ಚಿಕೊಂಡಿದ್ದರು. ಕೋಪವೋ, ಸುಸ್ತೋ, ನಗು ತಡೆದುಕೊಂಡದ್ದೋ, ಪಕ್ಕದಲ್ಲೇ ಕೂತು ನೋಡಿದರೂ ಗೊತ್ತಾಗಲಿಲ್ಲ. ಪುರಿ ತೇಲಿ ಬಂದದ್ದು ಇವರ ಕಾಲ ಬುಡಕ್ಕೇ ಅಲ್ಲವೇ? ಸಾಸಿವೆಯ ಕಾಲುಭಾಗದ ಚುಕ್ಕೆ ಕಾಣುವ ಕಣ್ಣಿಗೆ ಮೂರು ಹಿಡಿ ಬಿಳೀ ಪುರಿ ಕಾಣದೆ ಹೋಯಿತೇ? ಕೇಳಲು ಬಾಯಿ ತೆರೆದೆ.

"ಹಸಿವಾಗ್ತಿದೆ," ಎಂದರು ಇವರು, ಕಣ್ಣು ತೆರೆಯದೆ. ಬಲಗೈ ನನ್ನ ಕಡೆ ಚಾಚಿದರು.

ಎಡಗೈ ಅಲ್ಲ, ಬಲಗೈ. ಒಂದು ಹಿಡಿ ಪುರಿ ಹಾಕಿದೆ. ಬೆರಳುಗಳು ನಿಧಾನವಾಗಿ ಮುಚ್ಚಿಕೊಂಡವು. ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಮಡಿಲ ಮೇಲೆ ಚೆಲ್ಲಿತು.

"ಸರ್, ಸೀಟು!" ಎಂದ ಕಿಶನ್ ಕನ್ನಡಿಯಲ್ಲಿ ನೋಡಿ.

"ಸೀಟಲ್ಲಿ ಮೀನಿಲ್ಲ, ಓಡ್ಸು," ಎಂದರು ಇವರು, ಅಗಿಯುತ್ತಾ.